ಭಾಸ್ಕರಾಚಾರ್ಯನು ಕೈಬಿಟ್ಟ ಐದು ಕಪಿಗಳು

ಮಾದಿಹಳ್ಳಿಗೆ ನನ್ನ ತಂಗಿಯನ್ನು ಕೊಟ್ಟಿದೆ. ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುವುದು ನನ್ನ ವಾಡಿಕೆ. ಬೇಲೂರು ಹಳೇಬೀಡುಗಳ ನೆರೆಯ ಊರಿಗೆ ಹೋದವನು ಹಿಂದಿರುಗಿದ ಮೇಲೆ ಮದನಿಕೆಯರ ವಿಚಾರವಾಗಿ ಬರೆಯಬೇಕೆಂಬುದು ಲೋಕರೂಢಿ. ನಾನಾದರೋ ಈ ಸಲ ಅಲ್ಲಿಂದ ಹೊತ್ತು ತಂದದ್ದು ಒಂದು ಲೆಕ್ಕವನ್ನು. ವಾಚಕರು ಕ್ಷಮಿಸಬೇಕು.

ತಂಗಿಯ ಮಗ ಪಿ.ಯು.ಸಿ. ಮೊದಲನೆಯ ವರ್ಷದಲ್ಲಿ ಓದುತ್ತಿದ್ದಾನೆ. ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಸಂಜೆ ನಡುಮನೆಯಲ್ಲಿ ಪುಸ್ತಕ ಮುಚ್ಚಿ, ಮುಖ ಗಂಟಿಕ್ಕಿಕೊಂಡು ಕುಳಿತಿದ್ದ. ಏಕೋ ಎಂದು ಕೇಳಿದರೆ, “ಸೈನ್ಸು ಬಿಟ್ಟು ಕಾಮರ್ಸಿಗೆ ಹೋಗಿಬಿಡುತ್ತೇನೆ ಮಾವ” ಎಂದ. ಅಡಿಗೆಮನೆಯಲ್ಲಿ ತಂಗಿಯ ಕೈಯಲ್ಲಿದ್ದ ಪಾತ್ರೆ ಸದ್ದು ಮಾಡಿತು. ಮಾತು ಅವಳಿಗೆ ಹೊಸದಲ್ಲವೆಂದೂ ಮನೆಯಲ್ಲಿ ಇದು ಎಂಟು ದಿನದಿಂದ ನಡೆಯುತ್ತಿರುವ ವ್ಯಾಜ್ಯವೆಂದೂ ತಿಳಿಯಲು ಇನ್ನೇನೂ ಬೇಕಾಗಲಿಲ್ಲ. ಹುಡುಗ ದಡ್ಡನಲ್ಲ. ಹಂತಗಳನ್ನೆಲ್ಲ ಸರಿಯಾಗಿ ಮಾಡಿದರೂ ಉತ್ತರ ತಪ್ಪಾಗುತ್ತದೆ. ಏಕೆ ತಪ್ಪಾಯಿತೆಂದು ಯಾರೂ ಹೇಳುವುದಿಲ್ಲ. ಇದು ಅವನ ದೂರು.

ಲೆಕ್ಕ ಹೀಗಿತ್ತು. ಪುಸ್ತಕದಲ್ಲಿ ತಿಳಿಯದ ಸಂಖ್ಯೆಗೆ ಇಂಗ್ಲಿಷ್ ಅಕ್ಷರವಿದ್ದಿತು. ನಾನು ಅದಕ್ಕೆ ಬದಲು ನಮ್ಮ ಹಿಂದಿನ ಗಣಿತಜ್ಞರ ರೂಢಿಯಂತೆ ‘ಯಾ’ ಎಂದು ಬರೆಯುತ್ತೇನೆ. ‘ಯಾವತ್ ತಾವತ್’, ಎಂದರೆ ‘ಎಷ್ಟೋ ಅಷ್ಟು’ ಎಂಬುದರ ಮೊದಲಕ್ಷರ ಅದು.

|ಯಾ − 6| ≤ 2ಯಾ − 3. ಜೊತೆಗೆ 4ಯಾ ≤ 28. ಈ ಎರಡು ನಿಬಂಧನೆಗಳಿಗೂ ಒಪ್ಪುವ ‘ಯಾ’ ಬೆಲೆಗಳು ಯಾವುವು?

ಎರಡು ನೆಟ್ಟನೆಯ ಗೆರೆಗಳ ನಡುವೆ ಬರೆದದ್ದರ ಅರ್ಥ ಕಠಿನವೇನೂ ಅಲ್ಲ. ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ತೂಗುವಾಗ ತಕ್ಕಡಿ ಅರ್ಧ ಕಿಲೋ ಹೆಚ್ಚು ತೋರಿಸಿದರೆ ಕೊಳ್ಳುವವನಿಗೆ ನಷ್ಟ, ಅರ್ಧ ಕಿಲೋ ಕಡಿಮೆ ತೋರಿಸಿದರೆ ಮಾರುವ ರೈತನಿಗೆ ನಷ್ಟ. ತಕ್ಕಡಿಯನ್ನು ಪರೀಕ್ಷೆ ಮಾಡಲು ಬಂದವನಿಗೆ ಮಾತ್ರ ಎರಡೂ ಒಂದೇ. ತಪ್ಪು ಅರ್ಧ ಕಿಲೋ. ಯಾವ ಕಡೆಗೆ ವಾಲಿತೆಂಬುದನ್ನು ಬಿಟ್ಟು ಎಷ್ಟು ವಾಲಿತೆಂಬುದನ್ನು ಮಾತ್ರ ಹೇಳುವುದೇ ನಿರಪೇಕ್ಷ ಮೌಲ್ಯ. ಆದ್ದರಿಂದ ಮೊದಲನೆಯ ನಿಬಂಧನೆಯ ತಾತ್ಪರ್ಯ ಇಷ್ಟು: ‘ಯಾ’ಕ್ಕೂ ಆರಕ್ಕೂ ಇರುವ ಅಂತರವು ‘ಯಾ’ದ ಇಮ್ಮಡಿಯಲ್ಲಿ ಮೂರು ಕಳೆದದ್ದಕ್ಕಿಂತ ಹೆಚ್ಚಾಗಕೂಡದು.

ಹುಡುಗ ಗೆರೆಗಳನ್ನು ತೆಗೆದು ಎರಡು ಬಗೆಯಾಗಿ ಬಿಡಿಸಿದ್ದ. ಒಳಗಿನದನ್ನು ಇದ್ದ ಹಾಗೆಯೇ ಇಟ್ಟುಕೊಂಡರೆ ‘ಯಾ’ ಋಣ 3ಕ್ಕೆ ಸಮವಾಗಿರಬೇಕು, ಇಲ್ಲವೆ ಅದಕ್ಕಿಂತ ಹೆಚ್ಚಾಗಿರಬೇಕು. ಚಿಹ್ನೆ ತಿರುಗಿಸಿ 6 − ಯಾ ಎಂದು ಬರೆದರೆ ‘ಯಾ’ 3 ಅಥವಾ ಅದಕ್ಕಿಂತ ಹೆಚ್ಚು. ಎರಡನೆಯ ನಿಬಂಧನೆಯಿಂದ ‘ಯಾ’ 7ನ್ನು ಮೀರಬಾರದು. ಎಲ್ಲವನ್ನೂ ಕೂಡಿಸಿ, ಋಣ 3ರಿಂದ 7ರವರೆಗೆ ಎಂದು ಉತ್ತರ ಬರೆದಿದ್ದ. ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರ 3ರಿಂದ 7ರವರೆಗೆ. “ಹಂತವೆಲ್ಲ ಸರಿಯಾಗಿದೆ. ಎಲ್ಲಿ ತಪ್ಪಿದೆ ತೋರಿಸಿ ಮಾವ” ಎಂದು ನನಗೇ ಸವಾಲು ಹಾಕಿದ.

ಅವನ ಉತ್ತರದೊಳಗೆ ಸೊನ್ನೆಯೂ ಸೇರುತ್ತದಷ್ಟೆ. ಸೊನ್ನೆಯನ್ನು ಇಟ್ಟು ನೋಡು ಎಂದೆ. ಎಡಗಡೆ 6 ಬಂದಿತು, ಬಲಗಡೆ ಋಣ 3. ಆರು ಎಂಬುದು ಋಣ ಮೂರಕ್ಕಿಂತ ಹೆಚ್ಚಲ್ಲ ಎಂದಂತಾಯಿತು! ಹುಡುಗ ನಕ್ಕ. ಆದರೆ ಏಕೆ ಹೀಗಾಯಿತೆಂಬುದು ಇನ್ನೂ ಉಳಿದೇ ಇತ್ತು. ಆಗ ನನಗೆ ನೆನಪಾದದ್ದು ಭಾಸ್ಕರಾಚಾರ್ಯನ ಕಪಿಗಳು.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಭಾಸ್ಕರಾಚಾರ್ಯನಿಗೆ ಆಗ ಮೂರು ವರ್ಷ. ತಾನು ಶಕ 1036ರಲ್ಲಿ, ಎಂದರೆ 1114ರಲ್ಲಿ, ಹುಟ್ಟಿದೆನೆಂದೂ ಮೂವತ್ತಾರನೆಯ ವಯಸ್ಸಿನಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದೆನೆಂದೂ ಅವನೇ ಹೇಳಿಕೊಂಡಿದ್ದಾನೆ. ಅಂದರೆ ಇತ್ತ ದೋರಸಮುದ್ರದಲ್ಲಿ ಹೊಯ್ಸಳೇಶ್ವರನ ಗೋಡೆಗಳ ಮೇಲೆ ಉಳಿ ಆಡುತ್ತಿದ್ದ ತಲೆಮಾರಿನಲ್ಲೇ ಅತ್ತ ‘ಲೀಲಾವತಿ’, ‘ಬೀಜಗಣಿತ’ಗಳು ಸಿದ್ಧವಾದವು. ಅವನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ. ಅದು ನಮ್ಮ ವಿಜಾಪುರವೇ ಎನ್ನುವವರು ಉಂಟು. ಖಾನದೇಶದ ಪಾಟಣದ ಕಡೆಗೆ ಬೆರಳು ತೋರುವವರೂ ಉಂಟು. ಪಾಟಣದಲ್ಲಿ 1207ರ ಒಂದು ಶಾಸನವಿದ್ದು, ಭಾಸ್ಕರನ ಮೊಮ್ಮಗ ಚಂಗದೇವನು ತಾತನ ಗ್ರಂಥಗಳ ಅಧ್ಯಯನಕ್ಕಾಗಿ ಮಠವನ್ನು ಏರ್ಪಡಿಸಿದ ಸಂಗತಿ ಅದರಲ್ಲಿದೆ. ಈ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಕನ್ನಡನಾಡಿಗೆ ಗಣಿತದಲ್ಲಿ ಹೇಳಿಕೊಳ್ಳುವ ಹೆಸರುಗಳಿಗೆ ಕೊರತೆಯಿಲ್ಲ. ಅದೇ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದುವನ್ನು ಕನ್ನಡದಲ್ಲೇ ಬರೆದ. ವಿಷ್ಣುವರ್ಧನನ ಆಶ್ರಯ ಅವನಿಗಿತ್ತೆಂಬುದು ‘ಕವಿಚರಿತೆ’ಯವರ ಅಭಿಪ್ರಾಯ. ಅವರಿಬ್ಬರಿಗಿಂತ ಮುನ್ನೂರು ವರ್ಷ ಹಿಂದೆ, ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಮದರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು.

ಮಹಾವೀರನ ಒಂದು ಮಾತನ್ನು ಇಲ್ಲಿ ಎತ್ತಿಕೊಳ್ಳಲೇಬೇಕು. ಸಾಲವನ್ನು ಋಣವೆಂದೂ ಸ್ವತ್ತನ್ನು ಧನವೆಂದೂ ಹೆಸರಿಸಿ, ಅವುಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತನು 628ರಲ್ಲೇ ಹೇಳಿಯಾಗಿತ್ತು. ಮಹಾವೀರನು ವರ್ಗದ ವಿಚಾರದಲ್ಲಿ ಇನ್ನೂ ಬಿಚ್ಚಿ ಹೇಳಿದ. ಧನವನ್ನು ವರ್ಗ ಮಾಡಿದರೂ ಧನ, ಋಣವನ್ನು ವರ್ಗ ಮಾಡಿದರೂ ಧನ. ಆದ್ದರಿಂದ ಋಣಸಂಖ್ಯೆ ಸ್ವಭಾವದಿಂದಲೇ ವರ್ಗವಾಗಲಾರದು, ಅದಕ್ಕೆ ವರ್ಗಮೂಲವಿಲ್ಲ. ನಮಗೆ ಬೇಕಾದದ್ದು ಮೊದಲರ್ಧ. ಸಂಖ್ಯೆಯೊಂದನ್ನು ವರ್ಗ ಮಾಡಿದೊಡನೆ ಅದು ಸಾಲವಾಗಿತ್ತೋ ಸ್ವತ್ತಾಗಿತ್ತೋ ಎಂಬ ಗುರುತು ಅಳಿಸಿಹೋಗುತ್ತದೆ. ಹಿಂದಿರುಗಿ ಮೂಲ ತೆಗೆಯಹೊರಟರೆ ಎರಡು ದಾರಿಗಳು ಕಾಣಿಸುತ್ತವೆ. ಬಂದ ದಾರಿ ಯಾವುದೆಂದು ವರ್ಗ ಹೇಳುವುದಿಲ್ಲ. ಹುಡುಗನ ಪುಸ್ತಕದ ಎರಡು ನೆಟ್ಟನೆಯ ಗೆರೆಗಳು ಮಾಡುವುದೂ ಇದನ್ನೇ.

‘ಗಣಿತಸಾರಸಂಗ್ರಹ’ದ ಪ್ರಕೀರ್ಣಕ ಭಾಗದಲ್ಲಿ ಭಿನ್ನರಾಶಿಯ ಲೆಕ್ಕಗಳನ್ನು ಹತ್ತು ಜಾತಿಗಳಾಗಿ ವಿಂಗಡಿಸಿದೆ. ಅವುಗಳಲ್ಲಿ ‘ಅಂಶವರ್ಗ’ವೆಂಬುದು ಭಾಸ್ಕರನ ಕಪಿಗಳ ಲೆಕ್ಕಕ್ಕೆ ಜ್ಞಾತಿ. ಗುಂಪಿನ ಯಾವುದೋ ಒಂದಂಶ, ಅದರ ವರ್ಗ, ಮಿಕ್ಕವು ಇಷ್ಟು, ಒಟ್ಟು ಎಷ್ಟು? ಆನೆ, ನವಿಲು, ಹಂಸಗಳು ಇಂಥ ಲೆಕ್ಕಗಳಲ್ಲಿ ಮಹಾವೀರನ ಕಾಲದಿಂದಲೂ ಸುಳಿದಾಡುತ್ತವೆ.

‘ಬೀಜಗಣಿತ’ದ ಮೊದಲ ಕಪಿಹಿಂಡು ಸಾಧುವಾದದ್ದು. ಹಿಂಡಿನ ಎಂಟನೆಯ ಒಂದು ಪಾಲಿನ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಮಿಕ್ಕ ಹನ್ನೆರಡು ಬೆಟ್ಟದ ಮೇಲೆ ಕಿರಿಚುತ್ತಿವೆ, ಹಿಂಡೆಷ್ಟು? ಬಿಡಿಸುತ್ತ ಹೋದರೆ, ‘ಯಾ’ದಲ್ಲಿ 32 ಕಳೆದು ವರ್ಗ ಮಾಡಿದರೆ 256 ಎಂಬಲ್ಲಿಗೆ ಬಂದು ನಿಲ್ಲುತ್ತದೆ. 256ರ ಮೂಲ 16. ಅಂದರೆ ‘ಯಾ’ಕ್ಕೂ 32ಕ್ಕೂ ಅಂತರ 16. ಮೇಲಕ್ಕೆ ಹದಿನಾರು ಹೋದರೆ 48, ಕೆಳಕ್ಕೆ ಹದಿನಾರು ಬಂದರೆ 16. ಎಂಟನೆಯ ಪಾಲು ಒಂದೆಡೆ 6, ಇನ್ನೊಂದೆಡೆ 2; ವರ್ಗಗಳು 36 ಮತ್ತು 4; ಹನ್ನೆರಡನ್ನು ಕೂಡಿಸಿದರೆ 48 ಮತ್ತು 16. ಎರಡೂ ಉತ್ತರಗಳು ಒಪ್ಪುತ್ತವೆ, ಭಾಸ್ಕರನೂ ಎರಡನ್ನೂ ಒಪ್ಪಿದ್ದಾನೆ.

ಇಲ್ಲಿ ಅವನು ಹೇಳುವ ನಿಯಮವನ್ನು ಗಮನಿಸಬೇಕು. ತಿಳಿದ ಪಕ್ಷದ ಮೂಲವು ತಿಳಿಯದ ಪಕ್ಷದ ಮೂಲದಲ್ಲಿರುವ ಋಣಸಂಖ್ಯೆಗಿಂತ ಕಡಿಮೆಯಿದ್ದರೆ ಅದನ್ನು ಧನವಾಗಿ ಒಮ್ಮೆ, ಋಣವಾಗಿ ಒಮ್ಮೆ ಇಟ್ಟು ಎರಡು ಬೆಲೆ ತೆಗೆಯಬಹುದು. ಆದರೆ ಅದು ಕೆಲವೆಡೆ ಮಾತ್ರ. 16 ಎಂಬುದು 32ಕ್ಕಿಂತ ಕಡಿಮೆ. ಆದುದರಿಂದ ಎರಡು ಬೆಲೆ. ‘ಕಡಿಮೆಯಿದ್ದರೆ’ ಎಂಬ ಮಾತು ಒಂದು ಅಸಮತೆಯೇ ಹೊರತು ಬೇರೆಯಲ್ಲ. ಅದಕ್ಕೊಂದು ಚಿಹ್ನೆ ಇರಲಿಲ್ಲ, ಅಷ್ಟೆ. ಹಿಂದಿನ ಪದ್ಮನಾಭನೆಂಬ ಗಣಿತಜ್ಞನ ಬೀಜಗಣಿತದಲ್ಲಿ ಈ ನಿಯಮವಿದ್ದು, ‘ಕೆಲವೆಡೆ’ ಎಂಬ ಎಚ್ಚರಿಕೆ ಅದರಲ್ಲಿರಲಿಲ್ಲ. ಭಾಸ್ಕರನು ಆ ಕೊರತೆಯನ್ನು ಹೆಸರು ಹೇಳಿಯೇ ಎತ್ತಿ ತೋರಿಸುತ್ತಾನೆ.

ಎರಡನೆಯ ಕಪಿಹಿಂಡು ತಂಟೆಯದು. ಹಿಂಡಿನ ಐದನೆಯ ಒಂದು ಪಾಲಿನಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಕಪಿಗಳು ಗುಹೆಗೆ ಹೋದವು, ಕೊಂಬೆಯ ಮೇಲೆ ಒಂದೇ ಒಂದು ಕಾಣುತ್ತಿದೆ, ಒಟ್ಟು ಎಷ್ಟು? ಈಗ ‘ಯಾ’ಕ್ಕೂ ಇಪ್ಪತ್ತೇಳೂವರೆಗೂ ಅಂತರ ಇಪ್ಪತ್ತೆರಡೂವರೆ ಎಂದು ಬರುತ್ತದೆ. ಮೇಲಕ್ಕೆ ಹೋದರೆ 50, ಕೆಳಕ್ಕೆ ಬಂದರೆ 5. ಐವತ್ತರ ಐದನೆಯ ಪಾಲು ಹತ್ತು, ಮೂರು ಕಳೆದರೆ ಏಳು, ವರ್ಗ 49, ಕೊಂಬೆಯದೊಂದು ಸೇರಿ 50. ಸರಿ. ಐದರ ಐದನೆಯ ಪಾಲು ಒಂದು, ಒಂದರಲ್ಲಿ ಮೂರು ಕಳೆದರೆ ಋಣ 2, ವರ್ಗ 4, ಕೊಂಬೆಯದೊಂದು ಸೇರಿ 5. ಇದೂ ಸರಿಯೆ! ನಿಯಮದಲ್ಲಿ ಕೇಳಿದ ‘ಕಡಿಮೆ’ಯೂ ಸಲ್ಲುತ್ತದೆ. ಆದರೂ ಭಾಸ್ಕರನು ಐವತ್ತನ್ನು ಇಟ್ಟುಕೊಂಡು ಐದನ್ನು ಕೈಬಿಟ್ಟ. ಅದು ಹೊಂದುವುದಿಲ್ಲ, ಎಣಿಸುವ ವಸ್ತು ಋಣವಾದರೆ ಲೋಕ ಒಪ್ಪುವುದಿಲ್ಲ ಎಂಬುದು ಅವನು ಕೊಟ್ಟ ಕಾರಣ.

ನಾನು ಹೈಸ್ಕೂಲಿನಲ್ಲಿದ್ದಾಗ ನಮಗೆ ಪಾಠ ಹೇಳುತ್ತಿದ್ದ ಮೇಷ್ಟರೊಬ್ಬರು, “ಉತ್ತರ ಋಣವಾಗಿ ಬಂದರೆ ಹೊಡೆದುಹಾಕಿ, ಧನವಾಗಿ ಬಂದರೆ ಇಟ್ಟುಕೊಳ್ಳಿ” ಎಂದು ಕಲಿಸಿದ್ದರು. ಸುಲಭವಾದ ಸೂತ್ರ; ಬಹುಕಾಲ ನಾನೂ ಅದನ್ನೇ ನಂಬಿದ್ದೆ. ಕಪಿಗಳ ಲೆಕ್ಕದಲ್ಲಿ ಈ ಸೂತ್ರ ಕೆಲಸಕ್ಕೆ ಬಾರದು. ಐದು ಎಂಬುದು ಅಪ್ಪಟ ಧನಸಂಖ್ಯೆ; ಹೊರಗಿನಿಂದ ನೋಡಿದರೆ ಅದರಲ್ಲಿ ಯಾವ ಐಬೂ ಇಲ್ಲ. ಐಬು ಇರುವುದು ಒಳಗೆ, ಐದನೆಯ ಪಾಲಿನಲ್ಲಿ ಮೂರು ಕಳೆಯುವ ಹಂತದಲ್ಲಿ. ವರ್ಗ ಮಾಡಿದೊಡನೆ ಅದು ಮುಚ್ಚಿಹೋಯಿತು. ಪ್ರಶ್ನೆಯಲ್ಲಿ ‘ಮೂರು ಕಳೆದು’ ಎಂದಾಗಲೇ, ಕಳೆಯುವುದಕ್ಕೆ ಅಲ್ಲಿ ಮೂರಾದರೂ ಇರಬೇಕು, ಎಂದರೆ ಹಿಂಡು ಹದಿನೈದಕ್ಕೆ ಕಡಿಮೆ ಇರಬಾರದು, ಎಂಬ ನಿಬಂಧನೆ ಬಾಯಿಬಿಟ್ಟು ಹೇಳದೆಯೇ ಸೇರಿಕೊಂಡಿದೆ. ಐದು ಹದಿನೈದಕ್ಕಿಂತ ಕಡಿಮೆ, ಆದುದರಿಂದ ಹೊರಕ್ಕೆ.

ಇದೇ ಪ್ರಸಂಗದಲ್ಲಿ ನೆರಳಿನ ಲೆಕ್ಕವೊಂದಿದೆ. ಹನ್ನೆರಡು ಅಂಗುಲದ ಶಂಕುವನ್ನು ನಿಲ್ಲಿಸಿದೆ, ಅದರ ನೆರಳಿನಲ್ಲಿ ಕರ್ಣದ ಮೂರನೆಯ ಒಂದು ಪಾಲು ಕಳೆದರೆ ಹದಿನಾಲ್ಕು ಅಂಗುಲ ಉಳಿಯುತ್ತದೆ, ನೆರಳೆಷ್ಟು? ಇಪ್ಪತ್ತೆರಡೂವರೆ ಮತ್ತು ಒಂಬತ್ತು ಎಂದು ಎರಡು ಬೆಲೆ ಬರುತ್ತವೆ. ಒಂಬತ್ತನ್ನು ಭಾಸ್ಕರನು ತಳ್ಳಿಹಾಕುತ್ತಾನೆ. ಕಾರಣ, ಅದು ಹದಿನಾಲ್ಕಕ್ಕಿಂತ ಕಡಿಮೆ. ಏನನ್ನೋ ಕಳೆದ ಮೇಲೆ ಹದಿನಾಲ್ಕು ಉಳಿಯಬೇಕಾದರೆ ಮೊದಲೇ ಒಂಬತ್ತಿದ್ದರೆ ಹೇಗೆ? ಇಲ್ಲಿ ಋಣದ ಮಾತೂ ಇಲ್ಲ, ಲೋಕದ ಮಾತೂ ಇಲ್ಲ. ಹೆಚ್ಚು ಕಡಿಮೆಗಳನ್ನು ಹೋಲಿಸಿ ನೋಡಿದ್ದು, ಅಷ್ಟೆ.

ಕಪಿಗಳ ಪ್ರಸಂಗವನ್ನು ಹಿಡಿದು, ಪ್ರಾಚೀನರಿಗೆ ಋಣಸಂಖ್ಯೆ ಎಂದರೆ ಅಳುಕಿತ್ತು ಎಂದು ಬರೆಯುವವರನ್ನು ಓದಿದ್ದೇನೆ. ನನಗೆ ಹಾಗೆನ್ನಿಸುವುದಿಲ್ಲ. ಇದೇ ಭಾಸ್ಕರನು ‘ಲೀಲಾವತಿ’ಯಲ್ಲಿ ಒಂದು ತ್ರಿಕೋನ ಕೊಟ್ಟಿದ್ದಾನೆ, ಭುಜಗಳು 10 ಮತ್ತು 17, ಭೂಮಿ 9. ಮೇಲಿನ ಮೂಲೆಯಿಂದ ಲಂಬ ಇಳಿಬಿಟ್ಟರೆ ಭೂಮಿ ಎಷ್ಟೆಷ್ಟಾಗಿ ಒಡೆಯುತ್ತದೆಂದು ಲೆಕ್ಕ ಹಾಕಿದರೆ ಒಂದು ಖಂಡ 15, ಇನ್ನೊಂದು ಋಣ 6 ಎಂದು ಬರುತ್ತದೆ. ಅದನ್ನು ಅವನು ಹೊಡೆದುಹಾಕಲಿಲ್ಲ. ಋಣವೆಂದರೆ ವಿರುದ್ಧ ದಿಕ್ಕು ಎಂದು ತಿಳಿದುಕೊಳ್ಳಬೇಕೆಂದು ವಿವರಿಸಿದ. ಚಿತ್ರ ಬರೆದು ನೋಡಿದವರಿಗೆ ಲಂಬವು ತ್ರಿಕೋನದ ಹೊರಗೆ ಆರು ಅಳತೆ ದೂರದಲ್ಲಿ ಬೀಳುವುದು ಕಣ್ಣಿಗೇ ಕಾಣುತ್ತದೆ. ನೆಲದ ಮೇಲೆ ಎಡವೂ ಉಂಟು ಬಲವೂ ಉಂಟು. ಅಲ್ಲಿ ಋಣ 6ಕ್ಕೆ ಒಂದು ಜಾಗವಿದೆ. ಕಪಿಗಳನ್ನು ಎಣಿಸುವಾಗ ಋಣ ಎರಡಕ್ಕೆ ಜಾಗವಿಲ್ಲ. ಒಂದೇ ಗ್ರಂಥಕರ್ತ, ಒಂದೇ ಬಗೆಯ ಸಂಖ್ಯೆ, ತೀರ್ಪು ಮಾತ್ರ ಬೇರೆ ಬೇರೆ. ಪ್ರಶ್ನೆ ಏನನ್ನು ಕೇಳುತ್ತಿದೆಯೋ ಅದರ ಮೇಲೆ ಹೋಗಿದೆ ತೀರ್ಪು. ‘ಲೋಕ ಒಪ್ಪದು’ ಎಂದದ್ದು ಲೋಕದ ಅಂಜಿಕೆಯಿಂದಲ್ಲ, ಎಣಿಕೆಯ ವಸ್ತು ಲೋಕದ್ದಾದುದರಿಂದ.

ಯೂರೋಪಿನವರಿಗೂ ಇದು ಸಲೀಸಾಗಿ ಬಗೆಹರಿಯಲಿಲ್ಲ. ಭಾಸ್ಕರನಿಗಿಂತ ಸುಮಾರು ಐನೂರು ವರ್ಷ ಈಚೆಗೆ, 1637ರಲ್ಲಿ, ದೇಕಾರ್ತನು ಸಮೀಕರಣಗಳ ಋಣಮೂಲಗಳನ್ನು ‘ಸುಳ್ಳು’ ಮೂಲಗಳೆಂದೇ ಕರೆದ. ಇಂದು ನಾವು ಬಳಸುವ ಹೆಚ್ಚು-ಕಡಿಮೆಯ ಚಿಹ್ನೆಗಳು ಮೊದಲು ಅಚ್ಚಾದದ್ದು ಥಾಮಸ್ ಹ್ಯಾರಿಯಟ್ ಎಂಬ ಆಂಗ್ಲನ ಪುಸ್ತಕದಲ್ಲಿ, 1631ರಲ್ಲಿ. ಆ ವೇಳೆಗೆ ಅವನು ತೀರಿಕೊಂಡು ಹತ್ತು ವರ್ಷವಾಗಿತ್ತು. ‘ಸಮ ಅಥವಾ ಹೆಚ್ಚು’ ಎಂಬ ಕೂಡುಚಿಹ್ನೆಯನ್ನು ಫ್ರಾನ್ಸಿನ ಬುಗೇರ್ 1734ರಲ್ಲಿ ಬಳಸಿದ. ಹುಡುಗನನ್ನು ಕಾಡಿದ ಆ ಎರಡು ನೆಟ್ಟನೆಯ ಗೆರೆಗಳು ಜರ್ಮನಿಯ ವೈಯರ್‌ಸ್ಟ್ರಾಸನವು, 1841ರವು. ಹೀಗೆ ಚಿಹ್ನೆಗಳು ಒಂದೊಂದಾಗಿ ಕೂಡಿಬಂದು, ಕಪಿಗಳ ಕಾಲದಲ್ಲಿ ಮಾತಿನಲ್ಲಿ ಹೇಳಿದ್ದು ಇಂದು ಒಂದು ಸಾಲಿನಲ್ಲಿ ಹಿಡಿಸುತ್ತದೆ. ಸಾಲು ಚಿಕ್ಕದಾದಷ್ಟೂ ಅದರೊಳಗಿನ ನಿಬಂಧನೆ ಕಣ್ಣುತಪ್ಪುವ ಸಂಭವ ಹೆಚ್ಚು; ಇದು ನನ್ನ ಸ್ವಂತ ಅನುಭವ.

ಇಷ್ಟನ್ನೂ ಒಂದೇ ಉಸಿರಿಗೆ ಹುಡುಗನಿಗೆ ಹೇಳಿದೆನೆಂದು ವಾಚಕರು ಭಾವಿಸಬಾರದು. ಅವನಿಗೆ ಹೇಳಿದ್ದು ಕಪಿಗಳ ಕಥೆ ಮಾತ್ರ. ಹೇಳಿ, “ಈಗ ನಿನ್ನ ಲೆಕ್ಕದಲ್ಲಿ ಹದಿನೈದು ಎಲ್ಲಿದೆ ಹುಡುಕು” ಎಂದೆ. ಅವನು ಸ್ವಲ್ಪ ಹೊತ್ತು ಹಾಳೆಯನ್ನು ನೋಡಿದ. ಗೆರೆಗಳನ್ನು ತೆಗೆದು ಒಳಗಿನದನ್ನು ಇದ್ದ ಹಾಗೆಯೇ ಇಟ್ಟುಕೊಳ್ಳಬಹುದಾದದ್ದು ‘ಯಾ’ 6 ಅಥವಾ ಅದಕ್ಕಿಂತ ಹೆಚ್ಚಾಗಿದ್ದಾಗ ಮಾತ್ರ. ಆ ಹೊಲದಲ್ಲಿ ನಿಂತು ಬಿಡಿಸಿದಾಗ ‘ಋಣ 3 ಅಥವಾ ಹೆಚ್ಚು’ ಎಂದು ಬಂದರೆ, ಆರಕ್ಕಿಂತ ಕೆಳಗಿನದು ಪಕ್ಕದವರ ಹೊಲ. ಅದನ್ನು ಉಳುವ ಹಕ್ಕು ನಮಗಿಲ್ಲ. ಆದುದರಿಂದ ಮೊದಲ ಬಗೆಯಿಂದ ಸಿಕ್ಕುವುದು 6ರಿಂದ ಮೇಲಿನವು ಮಾತ್ರ. ಚಿಹ್ನೆ ತಿರುಗಿಸಿ ಬರೆದದ್ದು ‘ಯಾ’ 6ಕ್ಕಿಂತ ಕಡಿಮೆಯಿದ್ದಾಗ ಸಲ್ಲುವುದು. ಅಲ್ಲಿ ಬಂದ ಉತ್ತರ 3 ಅಥವಾ ಹೆಚ್ಚು. ಆದುದರಿಂದ 3ರಿಂದ 6ರವರೆಗೆ. ಎರಡು ಹೊಲಗಳ ಫಸಲನ್ನು ಒಟ್ಟಿದರೆ 3ರಿಂದ ಮೇಲಿನವೆಲ್ಲ ಆಯಿತು. ಜೊತೆಗೆ ಬಂದ ಎರಡನೆಯ ನಿಬಂಧನೆ 7ರ ಬಳಿ ಬೇಲಿ ಹಾಕುತ್ತದೆ. ಉಳಿದದ್ದು 3ರಿಂದ 7ರವರೆಗೆ, ಎರಡು ಕೊನೆಗಳೂ ಸೇರಿ.

ಇಲ್ಲಿ ಒಂದು ಮಾತನ್ನು ಹುಡುಗನೇ ಕಂಡುಕೊಂಡ, ನಾನು ಹೇಳಿಕೊಟ್ಟದ್ದಲ್ಲ. ಅಂತರವೆಂಬುದು ಎಂದಿಗೂ ಋಣವಾಗದು. ಹಾಗಿರುವಾಗ ಅದಕ್ಕೆ ಸಮವಾಗಿ ಅಥವಾ ಮೇಲಾಗಿ ನಿಲ್ಲಬೇಕಾದ 2ಯಾ − 3 ಎಂಬುದೂ ಋಣವಾಗಲಾರದು. ಎಂದರೆ ‘ಯಾ’ ಒಂದೂವರೆಗಿಂತ ಕೆಳಗೆ ಇಳಿಯುವಂತೆಯೇ ಇಲ್ಲ. “ಋಣ 3 ಎಂದು ಬರೆದಾಗಲೇ ನನಗೆ ಅನುಮಾನ ಬರಬೇಕಾಗಿತ್ತು ಮಾವ” ಎಂದ. 2ನ್ನು ಇಟ್ಟು ನೋಡಿದ: ಎಡಗಡೆ 4, ಬಲಗಡೆ 1, ಸಲ್ಲದು. 3ನ್ನು ಇಟ್ಟ: ಎರಡು ಕಡೆಯೂ 3, ಸಲ್ಲುತ್ತದೆ. 7ನ್ನು ಇಟ್ಟ: ಎಡಗಡೆ 1, ಬಲಗಡೆ 11. ಹೀಗೆ ಇಟ್ಟು ನೋಡುವ ಕೆಲಸಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಊಟಕ್ಕೆ ಎಲೆ ಹಾಕಿದ ಮೇಲೂ ಅವನ ತಲೆಯಿಂದ ಕಪಿಗಳು ಇಳಿದಿರಲಿಲ್ಲ. ಅನ್ನಕ್ಕೆ ಸಾರು ಬಡಿಸಿಕೊಂಡು, “ಮಾವ, ಐದನೆಯ ಪಾಲಿನಲ್ಲಿ ಮೂರು ಕಳೆದು ಅನ್ನುವುದರ ಬದಲು ಐದನೆಯ ಪಾಲಿಗೂ ಮೂರಕ್ಕೂ ಇರುವ ಅಂತರ ಅಂದಿದ್ದರೆ?” ಎಂದು ಕೇಳಿದ. ನನಗೂ ಒಂದು ಕ್ಷಣ ಹೊಳೆಯಲಿಲ್ಲ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಹಾಗೆ ಕೇಳಿದ್ದರೆ ಒಂದಕ್ಕೂ ಮೂರಕ್ಕೂ ಅಂತರ ಎರಡು, ವರ್ಗ ನಾಲ್ಕು, ಕೊಂಬೆಯದೊಂದು ಸೇರಿ ಐದು. ಭಾಸ್ಕರಾಚಾರ್ಯನು ಕೈಬಿಟ್ಟ ಐದು ಕಪಿಗಳು ಐವತ್ತರ ಜೊತೆಯಲ್ಲಿ ನ್ಯಾಯವಾಗಿಯೇ ಒಳಗೆ ಬರುತ್ತಿದ್ದವು. ನಮ್ಮ ಕಾಲದ ಹಳೆಯ ಪಠ್ಯಪುಸ್ತಕಗಳಲ್ಲಿ ಇಂಥ ಅಂತರವನ್ನು ತೋರಿಸುವುದಕ್ಕೆ ಎರಡು ಸಂಖ್ಯೆಗಳ ನಡುವೆ ಅಲೆಯಂತೆ ಬಳುಕಿದ ಒಂದು ಗೆರೆಯನ್ನು ಎಳೆಯುತ್ತಿದ್ದರು. ಅದನ್ನು ಎಲೆಯ ಅಂಚಿನಲ್ಲಿ ಸಾರಿನಿಂದಲೇ ಬರೆದು ತೋರಿಸಿದೆ. ತಂಗಿ, “ಊಟದ ಹೊತ್ತಿನಲ್ಲೂ ಇದೇ ಏನಣ್ಣ” ಎಂದು ಗದರಿದಳು. ಗದರುವಾಗ ಮುಖದಲ್ಲಿ ನಗುವಿತ್ತು.